ಬರೀ ಟಿಕ್ ಟಿಕ್

“ಬ್ಯಾಟರಿ ಗಟ್ಟಿಮುಟ್ಟಾಗಿದೆ ಅಕ್ಕಾ, ಸ್ಟಾರ್ಟರ್ ಮೋಟರೂ ಚೆನ್ನಾಗಿದೆ,” ಎಂದ ಮೆಕ್ಯಾನಿಕ್ ಅಂತೋಣಿ.

“ಹಾಗಾದ್ರೆ ಯಾರೋ ಬೇಕಂತಲೇ ಕೆಡಿಸಿದಾರೆ!” ಎನ್ನುತ್ತ ಸುಗುಣ ಗಂಡನ ಕಡೆ ತಿರುಗಿದಳು.

ಆಯುಧಪೂಜೆಯ ಮಾರನೆಯ ದಿನದಿಂದ ಅವಳ ಟ್ಯಾಕ್ಸಿಯ ಕೀ ತಿರುಗಿಸಿದರೆ ಬರೀ ಟಿಕ್ ಟಿಕ್ ಸದ್ದು. ನರ್ಸುಗಳನ್ನು ಆಸ್ಪತ್ರೆಗೆ ಬಿಡುವ ಕಾಯಂ ಬಾಡಿಗೆ ಇವತ್ತೂ ತಪ್ಪಿದರೆ ಬೇರೆಯವರ ಪಾಲು.

“ನಾನು ಟ್ಯಾಕ್ಸಿ ಓಡಿಸೋದು ನಿಮಗೆ ಮೊದಲಿಂದ್ಲೂ ಸೇರಲ್ಲ. ವೈರು ಎಳೆದಿದ್ದು ನೀವೇ ತಾನೇ?”

“ನಿನ್ನಾಣೆಗೂ ನಾನು ಬಾನೆಟ್ ಮುಟ್ಟಿಲ್ಲ ಕಣೇ.”

“ಬಾಯ್ಬಿಟ್ರೆ ಸುಳ್ಳು! ಹೆಂಡತಿ ಅನ್ನಕ್ಕೇ ಕಲ್ಲು ಹಾಕ್ತೀರಲ್ಲ, ನಾಚಿಕೆ ಆಗಲ್ವಾ?”

ಅಂತೋಣಿ ಹೆಡ್‌ಲೈಟ್ ಹಾಕಿ ಕೀ ತಿರುಗಿಸಿದ; ದೀಪ ತಟ್ಟನೆ ಮಂಕಾಯಿತು. ಸ್ಪ್ಯಾನರ್ ಹಿಡಿದು ಬ್ಯಾಟರಿಗೆ ವೈರು ಬಿಗಿಯುವ ಕ್ಲಾಂಪು ಬಿಚ್ಚಿದ. ಅದರೊಳಗೆ ಏನೋ ಹಳದಿ ಬಣ್ಣದ್ದು ಒಣಗಿ ಗಟ್ಟಿಯಾಗಿತ್ತು.

“ಕರೆಂಟು ಹಾಯೋದು ಇಲ್ಲೇ ಅಲ್ವಾ! ಕ್ಲಾಂಪು ಬಿಚ್ಚಿ ಒಳಗೆಲ್ಲ ಗಂಧ ಮೆತ್ತಿದ ಪುಣ್ಯಾತ್ಮ ಯಾರು?”

ಸುಗುಣಳ ದನಿ ಇಳಿಯಿತು. “ಮೇಲೆ ಹಚ್ಚಿದ್ರೆ ಅಳಿಸಿಹೋಗುತ್ತೆ ಅಂತ... ನಾನೇ ಅಣ್ಣಾ.”

ಗಂಧ ಕೆರೆದು ಕ್ಲಾಂಪು ಬಿಗಿದ ಮೇಲೆ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಗಂಡ ಹೋಗಿ ಗೇಟು ತೆರೆದ.