ಎಲ್ಲರೂ ಎದ್ದ ಹೊತ್ತು

ಆ ಮನುಷ್ಯ ಮೂರನೆಯ ಸಲ ಚಪ್ಪರದೊಳಗೆ ಇಣುಕಿದಾಗ ಸೇತುರಾಮನ ಅನುಮಾನ ಗಟ್ಟಿಯಾಯಿತು.

ಹಾಡು ಕೇಳಲು ಬಂದವನು ಇಣುಕುವುದೇಕೆ? ಜಯನಗರದ ಈ ರಾಮನವಮಿ ಕಚೇರಿಗೆ ಟಿಕೆಟ್ಟಿಲ್ಲ, ಯಾರು ಬೇಕಾದರೂ ಬಂದು ಕೂರಬಹುದು. ಇವನು ಮಾತ್ರ ಒಂದು ಗಂಟೆಯಿಂದ ಗೇಟಿನ ಹೊರಗೆ, ಧಾರವಾಡದ ಕಡೆಯ ನಂಬರಿದ್ದ ಮೊಪೆಡ್ಡಿಗೆ ಒರಗಿ ನಿಂತಿದ್ದ. ಮೈಯೆಲ್ಲ ಧೂಳು, ಹೆಗಲಲ್ಲಿ ದೊಡ್ಡ ಚೀಲ. ಗಾಯಕರು ಒಳಗೆ ಜೀವ ತೇಯ್ದು ಹಾಡುತ್ತಿದ್ದರೆ ಈ ಪುಣ್ಯಾತ್ಮ ಕಡ್ಡಿಯಲ್ಲಿ ಹಲ್ಲು ಕೆದಕುತ್ತಿದ್ದ.

ಕಾಫಿ ಸ್ಟಾಲಿನ ರುದ್ರಮ್ಮ ಬಂದು ಪಿಸುಗುಟ್ಟಿದಳು. "ಸಾರ್, ಅವ್ನು ನನ್ ಹತ್ರ ಏನ್ ಕೇಳ್ದ ಗೊತ್ತಾ? ಜನ ಎಲ್ಲಾ ಎದ್ದು ಹೊರಗ್ ಬರೋದು ಯಾವಾಗ, ಮುಂದಿನ ಸಾಲು ಖಾಲಿ ಆಗೋದು ಯಾವಾಗ ಅಂತ!"

ಜನ ಏಳುವುದು ಯಾವಾಗೆಂದು ಇಡೀ ಬಡಾವಣೆಗೆ ಗೊತ್ತು. ಹಾಡು ನಿಂತು ಮೃದಂಗ ಒಂದೇ ನುಡಿಯುವ ತನಿ ಆವರ್ತನ ಬಂತೋ, ನಮ್ಮ ರಸಿಕರಿಗೆ ಅದು ಕಾಫಿ, ಬೋಂಡಾದ ಹೊತ್ತು. ಸೀಟು ಹೋಗಬಾರದೆಂದು ಕುರ್ಚಿಯ ಮೇಲೆ ಕರ್ಚೀಫು, ವ್ಯಾನಿಟಿ ಬ್ಯಾಗು ಇಟ್ಟು ನುಗ್ಗುತ್ತಾರೆ. ಮೊನ್ನೆ ಅದೇ ಹೊತ್ತಿನಲ್ಲಿ ಎರಡು ಬ್ಯಾಗು ಮಾಯವಾಗಿದ್ದವು. ಗೇಟು ನೋಡಿಕೊಳ್ಳುವ ಸೇತುರಾಮನಿಗೆ ಕಮಿಟಿಯವರು ಎಲ್ಲರೆದುರೇ ಮಂಗಳಾರತಿ ಎತ್ತಿದ್ದರು.

ಅದು ಸಾಲದೆಂಬಂತೆ ಇವತ್ತು ಬೇರೆಯದೇ ಸಂಕಟ. ವೇದಿಕೆಯ ಮೇಲೆ ಮೃದಂಗದ ಮುಂದೆ ಕೂತಿದ್ದವನು ಅವನ ಮಗ ರವಿಕುಮಾರ.

ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕೆ ಸರಿಸಿ ಮಗ ಹೇಳಿದ್ದ: "ಇವತ್ತೇ ಕೊನೆ ಅಪ್ಪ. ಎಂಟು ವರ್ಷದಿಂದ ಖಾಲಿ ಕುರ್ಚಿಗಳಿಗೆ ತನಿ ನುಡಿಸ್ತಿದೀನಿ. ಒಬ್ರು, ಒಬ್ಬರೇ ಒಬ್ರು ಎದುರಿಗೆ ಕೂತು ಕೇಳಿದ್ರೆ ಮುಂದುವರಿಸ್ತೀನಿ. ಇಲ್ಲಾಂದ್ರೆ ನಾಳೆ ಬೊಮ್ಮನಹಳ್ಳಿ ಗಾರ್ಮೆಂಟ್ಸ್‌ಗೆ ಸೂಪರ್‌ವೈಸರ್ ಆಗಿ ಸೇರ್ತೀನಿ. ಮತ್ತೆ ಮೃದಂಗ ಮುಟ್ಟಲ್ಲ."

"ನಾನ್ ಕೂತ್ಕೊಳ್ತೀನಲ್ಲೋ."

"ನೀವು ಲೆಕ್ಕಕ್ಕಿಲ್ಲ ಅಪ್ಪ."

ಹಟ ಅಂದರೆ ಹಟ. ಆಡಿದ್ದನ್ನು ಮಾಡಿಯೇ ತೀರುವ ಜಾತಿ ಅದು.

ಗಾಯಕರು ಹಾಡು ನಿಲ್ಲಿಸಿ ರವಿಯ ಕಡೆ ಕೈ ತೋರಿಸಿದರು. ಮೊದಲ ಪೆಟ್ಟು ಬೀಳುವುದರೊಳಗೆ ಇನ್ನೂರು ಕುರ್ಚಿಗಳು ಕರಕರ ಎಂದವು. ಸೇತುರಾಮ ಗೇಟಿಗೆ ಅಡ್ಡ ನಿಂತು ಕೈ ಜೋಡಿಸಿದ. "ರೀ, ಕೂತ್ಕೊಳ್ರೀ... ಹತ್ತು ನಿಮಿಷ... ಆಂಟಿ, ನೀವಾದ್ರೂ..."

"ಅಯ್ಯೋ, ಬೋಂಡಾ ಖಾಲಿ ಆಗ್ಬಿಡತ್ತೆ ಸಾರ್!"

ಜನ ಅವನನ್ನು ಬಳಸಿಕೊಂಡು ಹರಿದರು. ಅಷ್ಟರಲ್ಲಿ ಒಬ್ಬನೇ ಒಬ್ಬ ಎದುರು ದಿಕ್ಕಿನಿಂದ ನುಗ್ಗಿದ. ಚೀಲದವನು! ಮೊಣಕೈಯಿಂದ ಜನರನ್ನು ಸರಿಸುತ್ತ, ಕಣ್ಣನ್ನು ಮುಂದಿನ ಸಾಲಿನ ಮೇಲೇ ನೆಟ್ಟು ಓಡುತ್ತಿದ್ದ. ಸೇತುರಾಮ ಗಬಕ್ಕನೆ ಅವನ ಚೀಲ ಹಿಡಿದೆಳೆದ.

"ಎಲ್ಲಿಗ್ರೀ? ಎಲ್ಲಾ ಹೊರಗ್ ಬರ್ತಿದ್ರೆ ನಿಮಗೇನ್ರೀ ಒಳಗೆ ಕೆಲಸ?"

"ಬಿಡ್ರಿ ಸಾಹೇಬ್ರ, ಹೊತ್ತು ಹೋಗ್ತದ! ನಂಗ ಈಗ ಅಷ್ಟ ಬೇಕ್ರಿ, ಆಮ್ಯಾಲೆ ನಾ ಇಲ್ಲಿ ಇರಂಗೇ ಇಲ್ಲ."

"ಗೊತ್ತು, ಗೊತ್ತು. ಎಲ್ಲಿರ್ತೀಯಾ ಆಮೇಲೆ! ಹೆಸರೇನು?"

"ಸಂಗಮೇಶ್ರಿ. ಕನ್ಯಾಕುಮಾರಿಗೆ ಹೊಂಟೀನಿ, ಒಬ್ಬನ."

ಚೀಲ ಬಿಚ್ಚಿಸಿದರೆ ಒಣ ರೊಟ್ಟಿ, ಚಟ್ನಿಪುಡಿ, ಪಂಚೆ, ಊರೂರಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದ ನಕ್ಷೆ.

"ಇಷ್ಟೂ ಊರಲ್ಲಿ ಕೈಚಳಕ ತೋರ್ಸಿದೀಯಾ?"

"ಎಲ್ಲಾ ಊರಾಗೂ ಹಿಂಗ್ರಿ, ಜನ ಎದ್ದ ಮ್ಯಾಲೇ ನಾ ಒಳಗ ಹೋಗೂದು. ಮುಂದಿನ ಸಾಲು ಸಿಗ್ತದ. ಕಾಲು ಬೀಳ್ತೀನಿ, ಬಿಡ್ರಿ—"

"ಬಾಯ್ಮುಚ್ಚು!" ಎಷ್ಟು ಧೈರ್ಯ, ಬಾಯಿಬಿಟ್ಟು ಒಪ್ಪಿಕೊಳ್ಳುತ್ತಿದ್ದಾನಲ್ಲ!

ಹೊರಗೆ ಜನರೇಟರು ಗಡಗಡ ಎನ್ನುತ್ತಿತ್ತು, ಕಾಫಿಯ ಗದ್ದಲ ಮುಗಿಲು ಮುಟ್ಟಿತ್ತು. ಮಗನ ಮೃದಂಗದ ಒಂದು ಪೆಟ್ಟೂ ಗೇಟಿನವರೆಗೆ ಬರುತ್ತಿರಲಿಲ್ಲ. ಯಾರ ಕಾಲಾದರೂ ಹಿಡಿದು ಒಳಗೆ ಕೂರಿಸೋಣವೆಂದರೆ ಈ ಶನಿಯನ್ನು ಬಿಟ್ಟು ಕದಲುವಂತಿಲ್ಲ. ಒಂದು ಬ್ಯಾಗು ಹೋದರೂ ಕಮಿಟಿಯವರು ನಾಳೆ ತನ್ನನ್ನು ಗೇಟಿನ ಹತ್ತಿರವೂ ಸೇರಿಸುವುದಿಲ್ಲ. ಚೀಲವನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಅವನು ವೇದಿಕೆಯತ್ತ ನೋಡಿದ. ರವಿ ತಲೆ ಎತ್ತಿ ಸಾಲುಸಾಲು ಕುರ್ಚಿಗಳನ್ನು ನೋಡುತ್ತಿದ್ದ. ಒಂದು ನರಪಿಳ್ಳೆಯೂ ಇರಲಿಲ್ಲ. ಮಗ ಮತ್ತೆ ತಲೆ ತಗ್ಗಿಸಿದ. ಕೈ ಬೇಗ ಬೇಗ ಓಡಿತು, ಮುಗಿಸಿಬಿಡುವವನ ಹಾಗೆ. ದೇವರೇ, ಒಬ್ಬರನ್ನಾದರೂ ಕಳಿಸಬಾರದಿತ್ತೇ ಎಂದು ಸೇತುರಾಮನ ಕಣ್ಣು ತುಂಬಿತು.

ತನಿ ಮುಗಿಯಿತು. ಜನ ಬಾಯಿ ಒರೆಸಿಕೊಳ್ಳುತ್ತ ಬಂದು ಕೂತರು. ಎಲ್ಲ ಬ್ಯಾಗುಗಳೂ ಇದ್ದಲ್ಲೇ ಇದ್ದವು. ಕದಿಯದವನನ್ನು ಕಳ್ಳನೆನ್ನುವುದು ಹೇಗೆ? ಸೇತುರಾಮ ಚೀಲವನ್ನು ಹಿಂದಕ್ಕೆ ಕೊಟ್ಟು, ಕಣ್ಣೊರೆಸಿಕೊಂಡು, ತುಸು ಮೆತ್ತಗಾಗಿ ಹೇಳಿದ: "ತಪ್ಪು ತಿಳ್ಕೋಬೇಡಿ. ನೀವೇನೂ ಕಳ್ಕೊಂಡಿಲ್ಲ, ಒಳ್ಳೊಳ್ಳೆ ಹಾಡು ಇನ್ನೂ ಇದೆ. ಹೋಗಿ, ಕೂತು ಕೇಳಿ."

ಸಂಗಮೇಶ ಮೊಪೆಡ್ಡಿನ ಸ್ಟ್ಯಾಂಡು ತೆಗೆದ. "ಹಾಡಿಗಿ ಬಂದಿದ್ದಿಲ್ರಿ ನಾ. ಆ ಮೃದಂಗದ ಹುಡುಗ ಬಾರಿಸಿದ್ದು ತಿಪಟೂರಿನ ಚಾದಂಗಡಿ ರೇಡಿಯೋದಾಗ ಕೇಳಿ, ಅವನೊಬ್ಬನ್ನ ಕೇಳಾಕಂತ ಹಾದಿ ಬಿಟ್ಟು ಬಂದಿದ್ದೆ."