ತಟ್ಟೆ ಬಡಿದರೆ ಎದ್ದು ಹೋಗುವ ಪಾರ್ಕು

ಬೆಳಗ್ಗೆ ವಾರಿಜ ಬಾಗಿಲು ತೆರೆದರೆ ಎದುರಿನ ಖಾಲಿ ಸೈಟಿನಲ್ಲಿ ಪಾರ್ಕು ಬಂದು ಕೂತಿತ್ತು, ಮರ, ಬೆಂಚು, ಉಯ್ಯಾಲೆ ಸಮೇತ.

ಪಾರ್ಕು ಬಂದಲ್ಲಿ ಮನೆಗಳ ಬೆಲೆ ಎಷ್ಟೇರುತ್ತದೆಂದು ಅಧ್ಯಯನ ಮಾಡುವುದೇ ಅವಳ ಕೆಲಸ. ಪಾರ್ಕು ಬೇರು ಬಿಟ್ಟ ಬೀದಿಯಲ್ಲಿ ಮರುವರ್ಷ ಹಳೆಯ ಬಾಡಿಗೆಯವರು ಒಬ್ಬರೂ ಅವಳಿಗೆ ಸಿಕ್ಕಿರಲಿಲ್ಲ.

ಆಗಲೇ ಬೀದಿಯ ಬಾಡಿಗೆಯವರೆಲ್ಲ ತಟ್ಟೆ, ಸೌಟು ಹಿಡಿದು ಹೊರಬಂದಿದ್ದರು. ಗದ್ದಲವೆಂದರೆ ಪಾರ್ಕಿಗಾಗದು, ಎದ್ದು ಹೋಗುತ್ತದೆ. ಅತ್ತ ವಾರಿಜಳ ಮನೆ ಮಾಲೀಕ ಹಾಲಪ್ಪ ಪೈಪು ಹಿಡಿದು ಅದರ ಬುಡಕ್ಕೆ ನೀರುಣಿಸುತ್ತಿದ್ದ.

“ನೀವೂ ಬಡೀರಿ ಮೇಡಂ,” ಎಂದು ಪಕ್ಕದ ಮನೆಯ ಶಾಹಿದಾ ಕೂಗಿದಳು.

ವಾರಿಜ ತಟ್ಟೆ ತಂದು ಸೌಟೆತ್ತಿದಳು. ಆಗ ಕಂಡರು ಅತ್ತೆ. ಮಂಡಿನೋವೆಂದು ವರ್ಷದಿಂದ ಹೊಸ್ತಿಲು ದಾಟದವರು ಹೊಂಗೆ ನೆರಳಿನ ಬೆಂಚಿನಲ್ಲಿ ಕೂತಿದ್ದರು.

“ಬಾರಮ್ಮ, ಎಷ್ಟು ತಂಪಾಗಿದೆ ನೋಡು.”

ಅವಳ ಕೈ ಕೆಳಗಿಳಿಯಿತು. ಹೋಗಿ ಪಕ್ಕದಲ್ಲಿ ಕೂತಳು. ನಿಜಕ್ಕೂ ತಂಪಾಗಿತ್ತು.

ಹಾಲಪ್ಪ ಪೈಪು ಬಿಟ್ಟು ನಗುನಗುತ್ತಾ ಬಂದ. “ಮೇಡಂ, ಬಾಡಿಗೆ ವಿಷಯ ಸ್ವಲ್ಪ ಮಾತಾಡೋದಿತ್ತು.”

ವಾರಿಜ ಬಾಯಿ ತೆರೆಯುವ ಮೊದಲೇ ಅತ್ತೆ ಅವಳ ಕೈಯಿಂದ ಸೌಟು ಕಿತ್ತುಕೊಂಡು, ಕೂತಲ್ಲಿಂದಲೇ ತಟ್ಟೆಗೆ ಬಲವಾಗಿ ಬಡಿದರು. ಇಬ್ಬರ ಕೆಳಗೂ ಬೆಂಚು ಮೆಲ್ಲನೆ ಅಲುಗಿತು.