ಭಯದ ಕ್ಲಾಸು

ಹೊಲಿಗೆ, ಅಡುಗೆ, ವೈರಿಂಗ್ ಕ್ಲಾಸುಗಳೆಲ್ಲ ಭರ್ತಿಯಾಗಿದ್ದರಿಂದ ಒಂಬತ್ತನೇ ತರಗತಿಯ ವಾರಿಜಳಿಗೆ ಐಚ್ಛಿಕ ವಿಷಯವಾಗಿ ಉಳಿದದ್ದು ಭಯವೊಂದೇ. ಅಜ್ಜಿಯರ ಕಾಲಕ್ಕೇ ಅದು ಮನುಷ್ಯರನ್ನು ಬಿಟ್ಟುಹೋಗಿತ್ತು; ಹೇಗಿರುತ್ತದೆಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೇಡಂ ಅವಳ ನಾಲಿಗೆಗೆ ಭಯದ ಎರಡು ಹನಿ ಬಿಟ್ಟು, "ಮನೆಗೆ ಹೋಗಿ ಸುಮ್ನೆ ಸುತ್ತ ನೋಡಮ್ಮ, ಅದೇ ಹೋಂವರ್ಕು" ಎಂದರು.

ಮನೆ ಮುಟ್ಟುವಷ್ಟರಲ್ಲಿ ಅವಳ ಅಂಗೈ ಬೆವರಿತ್ತು. ಪುಟ್ಟ ತಮ್ಮ ತಿಪ್ಪೇಶ ಎಂದಿನಂತೆ ಮಹಡಿಯ ಮೋಟುಗೋಡೆಯ ಮೇಲೆ ಕೂತು, ಬೀದಿಯ ಕಡೆಗೆ ಕಾಲು ಇಳಿಬಿಟ್ಟು ಮಂಡಕ್ಕಿ ತಿನ್ನುತ್ತಿದ್ದ. ವಾರಿಜ ಶಾಲೆಯ ಚೀಲವನ್ನು ಅಲ್ಲೇ ಬಿಸಾಡಿದಳು. ಮೆಟ್ಟಿಲು ಹತ್ತಿ ಓಡಿ, ಅವನನ್ನು ಹಿಂದಕ್ಕೆಳೆದು ಅವುಚಿಕೊಂಡಳು.

"ಬಿಡಕ್ಕಾ, ಮಂಡಕ್ಕಿ ಚೆಲ್ಲೋಯ್ತು!" ಎಂದು ಅವನು ಕೊಸರಾಡಿದ.

ಅವನನ್ನು ಎತ್ತಿಕೊಂಡೇ ಕೆಳಗಿಳಿದು ಬಂದವಳನ್ನು ಕಂಡು ಅವ್ವ ನಕ್ಕಳು. "ಇದೇನೇ, ಹಿಂಗ್ ನಡುಗ್ತೀಯ? ಚಳಿಜ್ವರ ಬಂತೇನು?"

"ಅವ್ವಾ, ಇವ್ನು ಬಿದ್ದಿದ್ರೆ?"

"ಬಿದ್ರೆ ಬೀಳ್ತಿದ್ದ. ನಿಮ್ಮಕ್ಕ ಬೀಳ್ಲಿಲ್ವಾ?" ಎನ್ನುತ್ತ ಅವ್ವ ಒಗ್ಗರಣೆಗೆ ಕರಿಬೇವು ಹಾಕಿದಳು.

ವಾರಿಜ ಗೋಡೆಯತ್ತ ನೋಡಿದಳು. ಮಗು ಹುಟ್ಟಿದ ದಿನವೇ ಅದು ಸತ್ತ ಮೇಲಿನ ಫೋಟೊಗೆಂದು ಒಂದು ಮೊಳೆ ಹೊಡೆದಿಡುವುದು ಆ ಊರಿನ ಪದ್ಧತಿ. ಮೊದಲನೆಯದರಲ್ಲಿ ಹಾರ ಹಾಕಿದ ಅಕ್ಕ ನಗುತ್ತಿದ್ದಳು. ಉಳಿದೆರಡು ಖಾಲಿಯಿದ್ದವು. ದಿನಾ ಕಂಡ ಮೊಳೆಗಳೇ, ಇಂದು ಕಾಯುತ್ತ ನಿಂತಂತೆ ಕಂಡವು.

ತಮ್ಮನನ್ನು ಕಂಕುಳಿಂದ ಇಳಿಸದೆ, ಅವಳು ಒಂದೇ ಕೈಯಲ್ಲಿ ಕೊನೆಯ ಮೊಳೆಯನ್ನು ಕೀಳತೊಡಗಿದಳು. ಬೆರಳು ತರಚಿ ರಕ್ತ ಬಂತು, ಮೊಳೆ ಅಲುಗಲಿಲ್ಲ.

ತಿಪ್ಪೇಶ ಅವಳ ಮುಖವನ್ನೇ ನೋಡುತ್ತ ಕೇಳಿದ: "ಅದು ನಂದಲ್ವಾ ಅಕ್ಕಾ? ಕಿತ್ರೆ ನನ್ನ ಎಲ್ಲಿ ಹಾಕ್ತೀರ?"